ಅರಿಶಿನದ ದಾರ ಬಿಚ್ಚಿದವಳು ನಾನು

ನಂಜುಂಡ, ಮಾವನ ಹವಳವನ್ನು ಕೊಂದವಳು ನಾನು. ನಿನ್ನ ಗ್ಯಾಸಲ್ಲ, ನನ್ನ ಸುಣ್ಣ. ತೊಟ್ಟಿಯ ಕೊಳವೆಗೆ ಮಾವ ಕಟ್ಟಿದ್ದ ಅರಿಶಿನದ ದಾರವನ್ನು ಬಿಚ್ಚಿ ಒಲೆಗೆ ಹಾಕಿದವಳೂ ನಾನೇ. ಬಿಚ್ಚಿದ್ದು ನೀನು ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದವಳೂ ನಾನೇ.

ಇದನ್ನು ಓದಿ, ಅತ್ತಿಗೆ ಮೆತ್ತಗಾದಳು, ವಯಸ್ಸಾಯಿತು, ದೇವರ ಭಯ ಹುಟ್ಟಿತು ಎಂದುಕೊಳ್ಳಬೇಡ. ನಿನ್ನನ್ನು ಕಂಡರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ನೆಂಟರ ಮದುವೆ ಮನೆಗಳಲ್ಲಿ ನೀನು ಪಂಕ್ತಿಯ ಆ ತುದಿಯಲ್ಲಿ ಕೂತರೆ ನಾನು ಈ ತುದಿಯಲ್ಲಿ ಕೂತು, ನೀನು ಎಲೆ ಮಡಿಚುವ ರೀತಿಗೂ ಮನಸ್ಸಿನಲ್ಲೇ ಬೈದಿದ್ದೇನೆ. ಆದರೆ ಆಗದವನ ಮೇಲೆ ಹೊರಿಸಿದರೂ ಸುಳ್ಳು ಸುಳ್ಳೇ. ಇದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು ಎಂದರೆ — ಅದೂ ಸುಳ್ಳು. ಆವತ್ತೇ ತಿಳಿದಿತ್ತು.

ಮತ್ತೆ ಈಗ ಯಾಕೆ ಹೇಳುತ್ತಿದ್ದೇನೆ? ಸಂತೋಷಕ್ಕೆ. ನಗಬೇಡ, ನಿಜವಾಗಿಯೂ ಸಂತೋಷಕ್ಕೆ. ನನ್ನ ಮೊಮ್ಮಗಳು ಸಿಂಚನಾ ಅನ್ನಪೂರ್ಣೇಶ್ವರಿ ನಗರದ ತನ್ನ ಮನೆಯಲ್ಲಿ ಸಮುದ್ರದ ತೊಟ್ಟಿ ಇಟ್ಟಿದ್ದಾಳೆ. ಗೋಡೆಯ ಉದ್ದಕ್ಕೂ ಗಾಜು, ಒಳಗೆ ನೀಲಿ ಬೆಳಕು, ಹವಳಗಳು ಬೆರಳು ಬೆರಳಾಗಿ ಎದ್ದು ನಿಂತಿವೆ, ಅವುಗಳ ನಡುವೆ ಕಿತ್ತಳೆ ಬಣ್ಣದ ಪಟ್ಟೆ ಮೀನುಗಳು. ನನ್ನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಅದರ ಮುಂದೆ ಕುರ್ಚಿ ಹಾಕಿ ಕೂರಿಸಿದಳು. ನನಗೆ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನಗು ಬಂತು, ಎರಡನ್ನೂ ಒರೆಸಿಕೊಳ್ಳಲು ಒಂದೇ ಸೆರಗು. ಪಕ್ಕದ ಮನೆಯವಳನ್ನು ಕರೆದು ತೋರಿಸಿದೆ, ಹಾಲು ಹಾಕುವವನನ್ನು ಕರೆದು ತೋರಿಸಿದೆ. ಮಾವ ಇರಬೇಕಿತ್ತು, ಮರಿಮೊಮ್ಮಗಳ ಮನೆಯಲ್ಲಿ ಸಮುದ್ರ ನಿಂತಿರುವುದನ್ನು ನೋಡಬೇಕಿತ್ತು ಎಂದು ಎಷ್ಟು ಸಲ ಹೇಳಿದೆನೋ.

ಆಗ ಅವಳು ನನ್ನ ಮಂಡಿಯ ಹತ್ತಿರ ಕೂತು ಕೇಳಿದಳು: "ಅಜ್ಜೀ, ನೀನೇ ಹೇಳು. ಕ್ಯಾಲ್ಸಿಯಂ ರಿಯಾಕ್ಟರ್ ಹಾಕಿಸ್ಲಾ, ಡೋಸಿಂಗ್ ಪಂಪ್ ತಗೊಳ್ಲಾ?"

"ಅದೇನೇ ಹಾಗಂದ್ರೆ?"

"ಹವಳ ಬೆಳೆಯೋಕೆ ಕ್ಯಾಲ್ಸಿಯಂ ಬೇಕಲ್ಲಜ್ಜಿ. ರಿಯಾಕ್ಟರ್ ಅಂದ್ರೆ ಒಂದು ಡಬ್ಬಿ. ಅದರೊಳಗೆ ಹವಳದ ಚೂರು ತುಂಬಿ ಗ್ಯಾಸ್ ಬಿಡ್ತಾರೆ, ಕರಗಿದ ನೀರು ತೊಟ್ಟಿಗೆ ಬರತ್ತೆ. ಡೋಸಿಂಗ್ ಪಂಪ್ ಅಂದ್ರೆ ಬಾಟ್ಲಿಲಿ ಕಲಸಿಟ್ಟಿದ್ದನ್ನ ತಾನೇ ಲೆಕ್ಕವಾಗಿ ತೊಟ್ಟು ತೊಟ್ಟು ಹಾಕತ್ತೆ."

ಹೆಸರು ಬೇರೆ, ಅಷ್ಟೇ. ಒಂದು ನಿನ್ನ ಭರಣಿ, ಇನ್ನೊಂದು ನನ್ನ ಸುಣ್ಣದ ಗಡಿಗೆ. ಮೂರನೇ ಕ್ಲಾಸಿಗೆ ಸ್ಲೇಟು ಎತ್ತಿಟ್ಟವಳನ್ನು ಮೊಮ್ಮಗಳು ಇಂಥ ಮಾತು ಕೇಳುತ್ತಿದ್ದಾಳೆ ಎಂದು ಎದೆ ಉಬ್ಬಿತ್ತು. ಅಷ್ಟರಲ್ಲಿ ಅವಳೇ ಉತ್ತರ ಹೇಳಿಬಿಟ್ಟಳು.

"ನಂಗೆ ರಿಯಾಕ್ಟರೇ ಇಷ್ಟ ಇತ್ತು. ಇಷ್ಟೊಂದು ಹವಳ ಇದ್ರೆ ಅದೇ ಒಳ್ಳೇದು ಅಂತಾರೆ. ಆದ್ರೆ ಬೇಡ ಬಿಡು. ನಂಜುಂಡ ತಾತ ಗ್ಯಾಸ್ ಬಿಟ್ಟು ಮುತ್ತಾತನ ಹವಳಾನೆಲ್ಲ ಸಾಯಿಸಿದ್ರಲ್ಲ! ನಮ್ಮ ತೊಟ್ಟಿ ಇಟ್ಟೋರ ಗ್ರೂಪಲ್ಲೂ ಹೇಳಿದೀನಿ ಆ ಕತೆ. ಸೋಡಾ ತಾತ ಅಂತ ಎಲ್ರೂ ಬಿದ್ದು ಬಿದ್ದು ನಕ್ಕರು."

ನನ್ನ ನಗು ಅಲ್ಲೇ ನಿಂತಿತು. ನಿನ್ನನ್ನು ನೋಡಿ ನಾನು ನಗಬಹುದು — ಅದು ನನಗೂ ನಿನಗೂ ಇರುವ ಹಳೇ ಜಗಳ. ನಿನ್ನ ಮುಖವನ್ನೇ ನೋಡದವರೆಲ್ಲ ನಗುವುದಕ್ಕೆ ನೀನು ಏನು ಮಾಡಿದ್ದೆ? ನಾನು ಕಟ್ಟಿದ ಸುಳ್ಳು ನನ್ನ ಮೊಮ್ಮಗಳ ಬಾಯಲ್ಲಿ ಅಷ್ಟು ಚೆನ್ನಾಗಿ, ಅಷ್ಟು ನಿರ್ಮಲವಾಗಿ...

ಈಗ ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ. ಇದನ್ನು ನಿನಗಿಂತ ಮೊದಲು ನನ್ನ ಮಕ್ಕಳು ಓದಬೇಕು.

ಎಂಬತ್ತರ ದಶಕದಲ್ಲಿ ನಾವೆಲ್ಲ ರಾಜಾಜಿನಗರದ ಒಂದೇ ಮನೆಯಲ್ಲಿದ್ದೆವು. ಮಾವ ಕೆಂಪಯ್ಯನವರು ಮಂಗಳೂರು ದಾರಿಯಲ್ಲಿ ಲಾರಿ ಓಡಿಸಿದವರು. ಸೊಂಟ ಮುರಿದು ಮನೆಯಲ್ಲಿ ಕೂತ ಮೇಲೆ ಅವರಿಗೆ ಊಟ ಸೇರಲಿಲ್ಲ, ಮಾತು ಸೇರಲಿಲ್ಲ. ಕೇಳಿದರೆ, "ಸಮುದ್ರ ನೋಡ್ಬೇಕು ಕಣಮ್ಮ" ಎನ್ನುತ್ತಿದ್ದರು. ಕರೆದುಕೊಂಡು ಹೋಗುವುದು ಹೇಗೆ? ಕನ್ನಡಿ ಅಂಗಡಿಯಲ್ಲಿ ಗಾಜು ಕತ್ತರಿಸುತ್ತಿದ್ದ ನನ್ನ ಗಂಡ ಅಪ್ಪನಿಗೆಂದು ನಡುಮನೆಯ ಕಿಟಕಿಯ ಪಕ್ಕ ಒಂದು ತೊಟ್ಟಿ ಕಟ್ಟಿದರು. ಮಾವನ ಹಳೇ ಲಾರಿ ಸ್ನೇಹಿತರು ಕ್ಯಾನುಗಳಲ್ಲಿ ಸಮುದ್ರದ ನೀರು ತಂದು ಸುರಿದರು. ಅವರಲ್ಲೊಬ್ಬ ರಾಮೇಶ್ವರದ ಕಡೆಯಿಂದ ಜೀವವಿರುವ ಹವಳದ ಕಲ್ಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದ. ಆವತ್ತಿನಿಂದ ಮಾವ ತೊಟ್ಟಿಯ ಮುಂದೆ ಕೂತು ಮೂರು ಹೊತ್ತೂ ಉಣ್ಣತೊಡಗಿದರು.

ಹವಳ ತಂದವನೇ ಇನ್ನೊಂದು ಮಾತೂ ತಂದಿದ್ದ. ಹವಳ ಸುಣ್ಣ ತಿಂದು ಬೆಳೆಯುವ ಪ್ರಾಣಿ, ಸುಣ್ಣ ಸಿಗದಿದ್ದರೆ ಸೊರಗಿ ಸಾಯುತ್ತದೆ. ಕೊಡುವುದಕ್ಕೆ ಎರಡು ದಾರಿ. ಸುಣ್ಣದ ತಿಳಿನೀರನ್ನು ತೊಟ್ಟು ತೊಟ್ಟಾಗಿ ಬಿಡುವುದು ಒಂದು. ಚಿಪ್ಪಿನ ಚೂರಿನ ಮೇಲೆ ಸೋಡಾ ಗ್ಯಾಸು ಹಾಯಿಸಿ, ಅದು ಕರಗಿದ ನೀರನ್ನು ಬಿಡುವುದು ಇನ್ನೊಂದು.

ಸುಣ್ಣ ಎಂದರೆ ನಾನು. ನಾಯಂಡಹಳ್ಳಿಯಲ್ಲಿ ನಮ್ಮಪ್ಪ ಸುಣ್ಣದ ಗೂಡು ಸುಡುತ್ತಿದ್ದರು. ಗ್ಯಾಸು ಎಂದರೆ ನೀನು. ಸೋಡಾ ಫ್ಯಾಕ್ಟರಿಯ ಕೆಲಸ. ಜಗಳಕ್ಕೆ ಇನ್ನೇನು ಬೇಕು? ನಾನು ಆ ಮನೆಗೆ ಸೊಸೆಯಾಗಿ ಬಂದ ದಿನವೇ "ಅಣ್ಣ ಸುಣ್ಣದ ಡಬ್ಬಿ ತಂದಿದಾನೆ" ಎಂದವನು ನೀನು. ನಿನ್ನ ಸ್ನೇಹಿತರ ಮುಂದೆ ಹೇಳಿದೆ. ನಾನು ಒಳಗಿದ್ದೆ. ಅದನ್ನು ನಾನು ಮರೆತಿದ್ದೇನೆ ಎಂದುಕೊಂಡಿದ್ದರೆ ತಪ್ಪು.

ಮೊದಲು ನನ್ನದೇ ನಡೆಯಿತು. ಗಡಿಗೆಯಲ್ಲಿ ಸುಣ್ಣ ಕದಡಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಪ್ಲಾಸ್ಟಿಕ್ ಬಾಟಲಿಗೆ ಬಗ್ಗಿಸಿ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಕೊಳವೆಯಿಂದ ತೊಟ್ಟಿಗೆ ಇಳಿಸುತ್ತಿದ್ದೆ. ಹವಳ ಸಾಯಲಿಲ್ಲ. ಬೆಳೆಯಲೂ ಇಲ್ಲ. ನೀನು ಹಾದು ಹೋಗುವಾಗಲೆಲ್ಲ ಒಂದು ಮಾತು.

"ಏನತ್ತಿಗೆ, ಗೋಡೆಗೆ ಬಳಿದು ಉಳಿದಿದ್ದಾ ಇದು?"

"ಹೋಗೋ, ಗೋಲಿ ಸೋಡಾ ಕುಡಿದು ತೇಗೋನೆ. ಮೀನಿಗೂ ತೇಗು ಬರಿಸ್ತೀಯಾ?"

ಮಾವ ನಗುತ್ತಿದ್ದರು. ನಮ್ಮಿಬ್ಬರಿಗೂ ಅದು ನಗೆಯಾಗಿರಲಿಲ್ಲ.

ಆಮೇಲೆ ನೀನು ಗಾಜಿನ ಭರಣಿ ತಂದೆ, ಕಪ್ಪೆಚಿಪ್ಪು ಕುಟ್ಟಿ ತುಂಬಿದೆ, ಫ್ಯಾಕ್ಟರಿಯ ಹಳೇ ಸಿಲಿಂಡರ್ ಸೈಕಲ್ಲಿನ ಮೇಲೆ ಹೊತ್ತು ತಂದೆ. ಗುಳ್ಳೆ ಗುಳ್ಳೆಯಾಗಿ ಗ್ಯಾಸು ಬಿಟ್ಟು, ಹಲ್ಲುಜ್ಜುವುದನ್ನೂ ಮರೆತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕೆಲವು ತಿಂಗಳಲ್ಲಿ ಹವಳದ ತುದಿಗಳಲ್ಲಿ ನೇರಳೆ ಮೊಳಕೆ ಬಂತು. ನನಗೂ ಕಂಡಿತು. ಮಾವನ ಕನ್ನಡಕ ಒರೆಸಿ ಕೊಟ್ಟವಳೇ ನಾನು. ಅವರು ಗಾಜಿಗೆ ಬೆರಳಿಟ್ಟು ಬಹಳ ಹೊತ್ತು ನೋಡಿ ಹೇಳಿದರು: "ಜಯಾ, ನಿನ್ನ ಗಡಿಗೆ ಎತ್ತಿಡಮ್ಮ. ಇನ್ಮೇಲೆ ಇವನ್ದೇ ಇರ್ಲಿ."

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ನೀನು ಗಡಿಗೆಯನ್ನು ಎತ್ತಿ ತಂದು ಅಡುಗೆಮನೆಯ ಹೊಸ್ತಿಲಲ್ಲಿ ಇಟ್ಟು, "ತಗೊಳ್ಳಿ ಅತ್ತಿಗೆ, ಎಲೆಯಡಿಕೆಗಾಗತ್ತೆ" ಎಂದೆ. ಆವತ್ತು ನಿನಗೆ ಬಡಿಸಿದ ಸಾರಿಗೆ ಉಪ್ಪು ಹಾಕಿರಲಿಲ್ಲ. ನೀನು ಅದನ್ನೂ ಏನೂ ಹೇಳದೆ ಉಂಡೆ. ಅದಕ್ಕೂ ಸಿಟ್ಟು ಬಂತು.

ಆ ವರ್ಷದ ಆಯುಧಪೂಜೆ. ಲಾರಿ ಓಡಿಸಿದವರ ಮನೆಯಲ್ಲಿ ಆ ಹಬ್ಬ ಹೇಗೆಂದು ನನ್ನ ಮಕ್ಕಳಿಗೆ ಗೊತ್ತಿಲ್ಲ. ಮಾವನ ಪ್ರಕಾರ ಆವತ್ತು ಯಾವ ಯಂತ್ರವನ್ನೂ ದುಡಿಸಬಾರದು. ತೊಳೆದು, ಕುಂಕುಮವಿಟ್ಟು, ಅರಿಶಿನದ ದಾರ ಕಟ್ಟಿ ಸುಮ್ಮನೆ ಬಿಡಬೇಕು. ಕಟ್ಟಿದ ದಾರ ತಾನಾಗಿ ಕಳಚಿ ಬೀಳಬೇಕು, ಯಾರೂ ಬಿಚ್ಚಬಾರದು. ಹಾಗೆ ಬಿಚ್ಚಿದ ಕ್ಲೀನರ್ ಒಬ್ಬ ಅದೇ ವಾರ ಚಕ್ರಕ್ಕೆ ಸಿಕ್ಕಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ನಿನ್ನ ಸಿಲಿಂಡರಿಗೂ ಕುಂಕುಮ ಬಿತ್ತು. ಭರಣಿಯಿಂದ ತೊಟ್ಟಿಗೆ ನೀರು ಇಳಿಯುವ ಕೊಳವೆಗೆ, ನೀರಿಗೆ ತಾಗುವಂತೆ, ಮಾವ ತಾವೇ ದಾರ ಸುತ್ತಿದರು. ನೀನು ಗ್ಯಾಸು ನಿಲ್ಲಿಸಿದೆ. ತೊಟ್ಟಿಯ ಟ್ಯೂಬ್‌ಲೈಟನ್ನೂ ಆರಿಸಿ, "ಇವತ್ತು ಇದಕ್ಕೂ ರಜಾ" ಎಂದರು ಮಾವ.

ಮಧ್ಯಾಹ್ನ ಲಾರಿ ಸ್ನೇಹಿತರು ಬಾಳೆಕಂದು ಕಟ್ಟಿದ ಲಾರಿ ತಂದು, ಮಾವನನ್ನು ಕುರ್ಚಿ ಸಮೇತ ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟರು. ನೀನು ಫ್ಯಾಕ್ಟರಿಯ ಪೂಜೆಗೆ ಹೋದೆ. ನನ್ನ ಗಂಡ ಅಂಗಡಿಯ ಪೂಜೆಗೆ ಹೋದರು. ಮನೆಯಲ್ಲಿ ನಾನೊಬ್ಬಳೇ.

ಹವಳ ಪಾಪ ಉಪವಾಸವಿದೆ, ಒಂದು ದಿನ ನನ್ನ ಸುಣ್ಣ ತಿನ್ನಲಿ ಎಂದು ಹಾಕಿದೆ — ಹೀಗೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಇಲ್ಲ. ನಾಳೆ ಹವಳ ಇನ್ನಷ್ಟು ಅರಳಿದರೆ ಅದು ನನ್ನ ಸುಣ್ಣದಿಂದ, ನೀನಿಲ್ಲದ ದಿನವೇ ಅದು ಚೆನ್ನಾಗಿತ್ತು ಎಂದು ನಿನ್ನ ಮುಖಕ್ಕೆ ಹೇಳಬೇಕಿತ್ತು. ಅಷ್ಟೇ ಬೇಕಿತ್ತು. ಹವಳದ ಹಸಿವೂ ಇಲ್ಲ, ಏನೂ ಇಲ್ಲ.

ಸುಣ್ಣ ತಿಳಿಯಾಗಲು ಬಿಡುವಷ್ಟು ತಾಳ್ಮೆ ಇರಲಿಲ್ಲ. ಕದಡಿದ ಹಾಗೇ ಬಾಟಲಿಗೆ ಸುರಿದೆ. ನನ್ನ ಹಳೇ ಗ್ಲೂಕೋಸ್ ಕೊಳವೆಯನ್ನು ನಿನ್ನ ಕೊಳವೆಯ ಪಕ್ಕದಲ್ಲೇ ಇಳಿಬಿಟ್ಟೆ. ತೊಟ್ಟು ತೊಟ್ಟಾಗಿ ಬೀಳುತ್ತಿದ್ದಾಗ ಬೀದಿಯ ತುದಿಯಲ್ಲಿ ಲಾರಿಯ ಹಾರನ್ ಕೇಳಿತು. ನಿಲ್ಲಿಸಬಹುದಿತ್ತು. ಬಾಟಲಿ ಎತ್ತಿಕೊಂಡು ಒಳಗೆ ಹೋಗಬಹುದಿತ್ತು. ನಾನು ಕೊಳವೆಯ ಚಕ್ರವನ್ನು ಪೂರ್ತಿ ತಿರುವಿದೆ. ಅವರು ಬರುವುದರೊಳಗೆ ಎಲ್ಲ ಒಳಗಿಳಿಯಲಿ ಎಂದು, ಬಾಟಲಿಯನ್ನು ಹಿಂಡಿದೆ ಕೂಡ. ತೊಟ್ಟಿಯಲ್ಲಿ ಹಾಲು ಒಡೆದ ಹಾಗೆ ಬಿಳಿ ಮೋಡ ಎದ್ದಿತು. ಅಷ್ಟು ಹೊತ್ತಿಗೆ ದಾರ ಕಣ್ಣಿಗೆ ಬಿತ್ತು.

ಕೆಂಪಾಗಿತ್ತು. ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎಂದು ಆರತಿ ತಟ್ಟೆಯಲ್ಲಿ ಓಕುಳಿ ನೀರು ಕಲಸಿದ ಯಾವ ಹೆಂಗಸಿಗೂ ಹೇಳಬೇಕಾಗಿಲ್ಲ. ಬಾಗಿಲು ದಾಟಿ ಬಂದ ಯಾರು ನೋಡಿದರೂ ಸುಣ್ಣ ಬಿದ್ದಿದೆ ಎನ್ನುತ್ತಿದ್ದರು. ಗಂಟು ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ಮಾವನನ್ನು ಕ್ಯಾಬಿನ್ನಿನಿಂದ ಇಳಿಸುತ್ತಿದ್ದಾಗ ದಾರ ಒಲೆಯಲ್ಲಿತ್ತು.

ತೊಟ್ಟಿಗೆ ದೀಪವಿರಲಿಲ್ಲ. ಸುತ್ತಾಡಿ ದಣಿದಿದ್ದ ಮಾವ ಒಳಗೆ ಹೋಗಿ ಮಲಗಿದರು. ನೀವು ಅಣ್ಣತಮ್ಮಂದಿರು ಬಂದಾಗ ಕತ್ತಲಾಗಿತ್ತು. ಯಾರೂ ನೋಡಲಿಲ್ಲ. ತಿಳಿಯಾದೀತು, ಬೆಳಗಾಗುವುದರೊಳಗೆ ಎಲ್ಲ ತಿಳಿಯಾದೀತು ಎಂದು ನಾನು ಹಬ್ಬದ ಪಾತ್ರೆ ತೊಳೆದೆ.

ಬೆಳಕು ಹರಿಯುವ ಮೊದಲೇ ನೀನು ಎದ್ದು ಎಂದಿನಂತೆ ಗ್ಯಾಸು ಬಿಟ್ಟು ಮುಖ ತೊಳೆಯಲು ಹೋದೆ. ಮಾವ ಗೋಡೆ ಹಿಡಿದು ಬಂದು ದೀಪ ಹಾಕಿದರು. ಮೀನುಗಳು ಮೇಲೆ ತೇಲುತ್ತಿದ್ದವು, ತಳದಲ್ಲೆಲ್ಲ ಬಿಳಿ ಗಸಿ ಕೂತಿತ್ತು. ಹವಳದ ಮೈ ಗಂಜಿಯ ಕೆನೆಯಂತೆ ಕಿತ್ತು ಬರುತ್ತಿತ್ತು, ಕೆಳಗೆ ಬರೀ ಬಿಳಿ ಮೂಳೆ. ಮಾವ ಕೂಗಲಿಲ್ಲ. "ಅಯ್ಯೋ ನನ್ನ ಕಂದಾ" ಎಂದರು — ತೊಟ್ಟಿಗೆ. ಅವರ ಬಾಯಲ್ಲಿ ಅಂಥ ಮಾತನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಆ ಕ್ಷಣದಲ್ಲಿ ಹೇಳಿದ್ದರೆ —

ನಾನು ಹೇಳಿದ್ದು ಇದು: "ನಿನ್ನೆದೂ ಸೇರಿಸಿ ಗ್ಯಾಸ್ ಬಿಟ್ಟ ಮಾವ ಇವನು. ನಾನೇ ನೋಡ್ದೆ."

ನೀನು ಒದ್ದೆ ಮುಖದಲ್ಲೇ ಓಡಿ ಬಂದೆ. "ಸುಳ್ಳು! ಅಪ್ಪಾ, ಗ್ಯಾಸ್ ಜಾಸ್ತಿ ಆದ್ರೆ ನೀರು ಹುಳಿಯಾಗತ್ತೆ, ಹೀಗೆ ಬೆಳ್ಳಗಾಗಲ್ಲ. ಇದು ಸುಣ್ಣ!"

"ನಿನ್ನ ಚಿಪ್ಪಿನ ಪುಡೀನೇ ಕರಗಿ ಬಂದಿರೋದು. ನನ್ನ ಗಡಿಗೆ ಎತ್ತಿಟ್ಟೋನು ನೀನೇ ತಾನೆ?"

"ದಾರ ನೋಡಿ ಅಪ್ಪಾ! ಸುಣ್ಣ ಬಿದ್ದಿದ್ರೆ ಕೆಂಪಾಗಿರತ್ತೆ. ಗ್ಯಾಸಿಗೆ ಅರಿಶಿನ ಬಣ್ಣ ತಿರುಗಲ್ಲ. ದಾರ ನೋಡಿ!"

ಸರಿಯಾದ ಜಾಗಕ್ಕೇ ಕೈ ಹಾಕಿದ್ದೆ ನೀನು. ಮಾವ ಕೊಳವೆಯ ಮೇಲೆ ಬೆರಳಾಡಿಸಿದರು. ಇನ್ನೊಂದು ಸಲ ಆಡಿಸಿದರು.

"ದಾರ ಯಾರು ಬಿಚ್ಚಿದ್ದು?"

ನಾನು ಬಾಗಿಲ ತನಕ ಹೋಗಿ, ಬೀದಿಯ ಕಡೆ ಮುಖ ಮಾಡಿ ಕೂಗಿದೆ: "ಇನ್ಯಾರು ಬಿಚ್ತಾರೆ? ಸಾಕ್ಷಿ ಇರ್ಬಾರ್ದು ಅಂತ ಇವನೇ ಬಿಚ್ಚಿ ಬಿಸಾಕಿದಾನೆ. ಬನ್ನಿ ನೋಡಿ, ಹಬ್ಬದಲ್ಲಿ ಅಪ್ಪ ಕಟ್ಟಿದ ದಾರ ಕಿತ್ತವನ್ನ!"

ಹವಳ ಹೋದದ್ದಕ್ಕೆ ಮಾವ ನಿನ್ನನ್ನು ಕ್ಷಮಿಸುತ್ತಿದ್ದರು. ದಾರವನ್ನು ಕ್ಷಮಿಸಲಾರರು ಎಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಗೊತ್ತಿದ್ದೇ ಕೂಗಿದೆ.

"ನನ್ನ ಕಣ್ಣ ಮುಂದೆ ಇರ್ಬೇಡ" ಎಂದರು ಮಾವ. ನೀನು ಸಿಲಿಂಡರನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ಹೋಗುವಾಗ ನನ್ನನ್ನು ನೋಡಿದೆ. ಆಗ ಒಂದು ಬೈಗುಳ ಬೈದಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು. ನೀನು ಬೈಯಲಿಲ್ಲ. ಅದಕ್ಕಾಗಿಯೂ ನಿನ್ನನ್ನು ದ್ವೇಷಿಸಿದೆ.

ಆಮೇಲಿನದೆಲ್ಲ ನೀನು ಹೊರಗಿನಿಂದ ನೋಡಿದ್ದೀಯ. ಕೆಂಗೇರಿಯಿಂದ ಹಬ್ಬಕ್ಕೊಮ್ಮೆ ಬಂದು ಜಗುಲಿಯಲ್ಲಿ ನಿಲ್ಲುತ್ತಿದ್ದೆ. ಮಾವ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಒಳಗಿನದು ನಾನು ಹೇಳುತ್ತೇನೆ. ನೀನು ಹೋದ ಮೇಲೆ ಅವರು "ಹೋದನಾ?" ಎಂದು ಕೇಳುತ್ತಿದ್ದರು. "ಹೋದ" ಎನ್ನುತ್ತಿದ್ದೆ. "ತೆಳ್ಳಗಾಗಿದಾನಾ?" ಎನ್ನುತ್ತಿದ್ದರು. "ಚೆನ್ನಾಗೇ ಇದಾನೆ, ಅವನಿಗೇನು" ಎನ್ನುತ್ತಿದ್ದೆ. ಇದನ್ನು ನಿನಗೆ ಯಾರೂ ಹೇಳಿರಲಾರರು. ನಾನೊಬ್ಬಳೇ ಇದ್ದೆ ಅಲ್ಲಿ. ಅವರು ಹಾಗೇ ಹೋಗಿಬಿಟ್ಟರು, ನಿನ್ನೊಡನೆ ಒಂದು ಮಾತಿಲ್ಲದೆ. ನೀನು ಹೆಣದ ಕಾಲ ಹತ್ತಿರ ನಿಂತು ಅತ್ತಾಗಲೂ ನಾನು ಬಾಯಿ ಬಿಡಲಿಲ್ಲ.

ನನ್ನ ಗಂಡ ಒಂದೇ ಒಂದು ಸಲ ಕೇಳಿದ್ದರು: "ಜಯಾ, ಆ ದಾರ ನೀನೇನಾದ್ರೂ ನೋಡಿದ್ಯಾ?" ಇಲ್ಲ ಎಂದೆ. ಅವರು ಮತ್ತೆ ಕೇಳಲಿಲ್ಲ. ಅವರೂ ಈಗಿಲ್ಲ. ನಂಬಿದರೋ, ಸುಮ್ಮನಾದರೋ...

ಮತ್ತೆ ಆ ಕತೆಯನ್ನು ನಾನು ಎಷ್ಟು ಕಡೆ ಹೇಳಿದೆ! ಮಕ್ಕಳಿಗೆ ಊಟ ಮಾಡಿಸುವಾಗ, ಮೊಮ್ಮಕ್ಕಳಿಗೆ ತಲೆ ಬಾಚುವಾಗ. ಪ್ರತಿ ಸಲವೂ ನಿನ್ನನ್ನು ಇನ್ನಷ್ಟು ಪೆದ್ದನನ್ನಾಗಿ ಮಾಡಿದೆ. ಕಳೆದ ಭಾನುವಾರ ಸಿಂಚನಾ ಅದನ್ನು ನನಗೇ ತಿರುಗಿ ಹೇಳಿದಾಗ, ನೀನು ಮೀನುಗಳಿಗೆ ಸೋಡಾ ಕುಡಿಸಿದ್ದೆ ಎಂಬುದೂ ಅದರಲ್ಲಿತ್ತು. ಅದನ್ನು ಸೇರಿಸಿದ್ದು ಯಾವಾಗಲೋ ನನಗೇ ನೆನಪಿಲ್ಲ.

ಅವಳ ತೊಟ್ಟಿಯ ಮುಂದೆಯೇ ಅವಳಿಗೆ ಎಲ್ಲ ಹೇಳಿದೆ. ಮೊದಲು ನಕ್ಕಳು, ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಎಂದು. ಆಮೇಲೆ ನನ್ನ ಮಂಡಿಯ ಹತ್ತಿರದಿಂದ ಎದ್ದು ಸೋಫಾದ ಮೇಲೆ ಕೂತಳು.

"ಅಜ್ಜಿ, ಆ ತಾತನ್ನ ನಮ್ಮ ಮನೆ ಯಾವ ಫಂಕ್ಷನ್‌ಗೂ ಕರೆಯಲ್ಲ ಅಲ್ವಾ. ಇದಕ್ಕೇನಾ?"

"ಹ್ಞೂಂ."

"ಅವ್ರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ ಕಣೇ."

ಅವಳು ಆವತ್ತು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಸರಿಯೇ. ಆದರೆ ರಿಯಾಕ್ಟರನ್ನೇ ಹಾಕಿಸುತ್ತಾಳಂತೆ. ಹಾಕಿಸುವ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕಂತೆ. ನನ್ನನ್ನಲ್ಲ, ನಿನ್ನನ್ನು. ನನಗೆ ಹೊಟ್ಟೆ ಉರಿಯಿತು ಎಂದೂ ಬರೆದುಬಿಡುತ್ತೇನೆ.

ಬರುವ ಭಾನುವಾರ ಕೆಂಗೇರಿಗೆ ಬರುತ್ತೇನೆ. ಸಿಂಚನಾ ಕರೆತರುತ್ತಾಳೆ. ಇದನ್ನು ಓದಿದ ಮೇಲೆ ನನ್ನ ಮಕ್ಕಳು ಬಂದರೆ ಅವರೂ ಬರಲಿ, ಬರದಿದ್ದರೆ ಬೇಡ. ನೀನು ಒಳಗೆ ಕರೆಯಬೇಕಾಗಿಲ್ಲ. ನಿನ್ನ ಹೆಂಡತಿ ಮಕ್ಕಳನ್ನು ಬಾಗಿಲಿಗೆ ಕರೆ, ಅಕ್ಕಪಕ್ಕದವರು ಬಂದರೂ ಬರಲಿ. ದಾರ ಬಿಚ್ಚಿದ್ದು ನಾನು, ಅಪ್ಪನಿಂದ ನಿನ್ನನ್ನು ಕಿತ್ತವಳು ನಾನು ಎಂದು ಅವರೆಲ್ಲರ ಮುಂದೆ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ, ಆ ಕಷ್ಟ ನಿನಗೆ ಬೇಡ.

ಆವತ್ತು ಬೈಯದೆ ಹೋದದ್ದನ್ನೆಲ್ಲ ಬೈಯುವುದಿದ್ದರೆ ಬೈ. ನಾನು ತಿರುಗಿ ಒಂದು ಮಾತೂ ಆಡುವುದಿಲ್ಲ. ನಿನಗೆ ನಂಬಿಕೆ ಬರಲಿಕ್ಕಿಲ್ಲ, ನನಗೂ ಅಷ್ಟೊಂದು ನಂಬಿಕೆಯಿಲ್ಲ. ಆದರೂ ನಿನ್ನದು ಮುಗಿಯುವ ತನಕ ನಿಂತೇ ಇರುತ್ತೇನೆ.